ಕೊಳಲು ಬಂದಾಗ ಎಡಕ್ಕೆ

ನನ್ನ ನಾದಿನಿಗೆ ಕಾರು ಕಲಿಸುತ್ತಿದ್ದವನು ಅವಳ ಅಣ್ಣ, ನನ್ನ ಗಂಡ. ಅವನು ಹೋದ ಮೇಲೆ ಅವಳ ಪಕ್ಕದ ಸೀಟು ನನ್ನ ಪಾಲಿಗೆ ಬಂತು. ಎಲ್ ಬೋರ್ಡ್ ಹಾಕಿದ ಗಾಡಿಯಲ್ಲಿ ಲೈಸೆನ್ಸ್ ಇರುವವರೊಬ್ಬರು ಜೊತೆಗೆ ಕೂತಿರಬೇಕು. ನನ್ನ ಬಳಿ ಲೈಸೆನ್ಸ್ ಇತ್ತು. ಅಷ್ಟೇ ಕಾರಣ.

ಕಾರು ಅಂದ ತಕ್ಷಣ ಜನ ಬೇರೆ ಏನೋ ಊಹಿಸುತ್ತಾರೆ. ಅವನು ಹೋದದ್ದು ರಸ್ತೆಯಲ್ಲಲ್ಲ. ಆಫೀಸಿನ ಮೆಟ್ಟಿಲು ಹತ್ತುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಕಾರು ಕೆಳಗೆ ಮರದ ನೆರಳಲ್ಲಿತ್ತು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

ನಾದಿನಿಯನ್ನು ಅವನು ಜೀರುಂಡೆ ಅಂತ ಕರೆಯುತ್ತಿದ್ದ. ಹಲ್ಲುಜ್ಜುವಾಗಲೂ ಏನಾದರೊಂದು ಗುನುಗುತ್ತಿದ್ದಳು. ಈಗ ಗುನುಗುವುದಿಲ್ಲ, ಹೆಸರು ಉಳಿದುಕೊಂಡಿದೆ. ಅವಳು ರಕ್ತ ತೆಗೆಯುವ ಕೆಲಸ ಕಲಿತವಳು. ಒಂದು ಲ್ಯಾಬಿನವರು ಅವಳನ್ನು ಸೇರಿಸಿಕೊಳ್ಳುವುದಾಗಿ ಹೇಳಿದ್ದರು. ವಯಸ್ಸಾದವರ, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ರಕ್ತ ತೆಗೆದು, ಐಸ್ ಡಬ್ಬಿಯಲ್ಲಿಟ್ಟು ತರಬೇಕು. ಲ್ಯಾಬಿನ ಚಿಕ್ಕ ಕಾರನ್ನು ತಾನೇ ಓಡಿಸಬೇಕು. ಲೈಸೆನ್ಸ್ ತಂದರೆ ಕೆಲಸ, ಇಲ್ಲದಿದ್ದರೆ ಇಲ್ಲ.

"ತಿಂಗಳ ಕೊನೇವರೆಗೂ ಕಾಯ್ತೀನಮ್ಮ," ಎಂದು ಲ್ಯಾಬಿನ ಮೇಡಂ ಫೋನಿನಲ್ಲಿ ಹೇಳಿದರು. "ಆಮೇಲೆ ಬೇರೆಯವರನ್ನ ನೋಡ್ಬೇಕಾಗುತ್ತೆ. ನಿನ್ನ ಕೈ ಹಗುರ ಅಂತಲೇ ಕಾಯ್ತಿರೋದು."

ಜೀರುಂಡೆ ಫೋನಿಟ್ಟು ನನ್ನ ಕಡೆ ತಿರುಗಿದಳು. "ಅತ್ತಿಗೆ, ಈ ಮನೇಲಿ ಇನ್ನೂ ಸ್ವಲ್ಪ ದಿನ ಗೋಡೆ ನೋಡ್ಕೊಂಡು ಕೂತ್ರೆ ನನಗೇ ಯಾರಾದ್ರೂ ರಕ್ತ ಪರೀಕ್ಷೆ ಮಾಡಿಸ್ಬೇಕಾಗುತ್ತೆ."

ನಾನು ಹೂಂ ಅಂದೆ. ಆಗೆಲ್ಲ ನಾನು ಎಲ್ಲದಕ್ಕೂ ಹೂಂ ಅನ್ನುತ್ತಿದ್ದೆ.

ಮೊದಲ ದಿನ ಅವಳು ಸೀಟು ಮುಂದೆಳೆದುಕೊಂಡಳು, ಕನ್ನಡಿ ತಿರುಗಿಸಿಕೊಂಡಳು, ಬೆಲ್ಟ್ ಹಾಕಿಕೊಂಡಳು. ಎಲ್ಲವೂ ಅವನು ಹೇಳಿಕೊಟ್ಟ ಕ್ರಮದಲ್ಲೇ. ಕೀಲಿಯನ್ನು ಅರ್ಧ ತಿರುಗಿಸಿ ಹಾಡು ಹಾಕಿದಳು. ಇಂಜಿನ್ ಶುರುವಾದದ್ದು ಆಮೇಲೆ.

ಅವನಿಗೆ ಇಷ್ಟವಾದ ಹಳೆಯ ಹಾಡು. ಗಂಡು ದನಿ. ಒಂದು ಪಲ್ಲವಿ, ಎರಡು ಚರಣ, ನಡುವೆ ಕೊಳಲು. ಕಾರಿನ ಗಾಜು ಸಣ್ಣಗೆ ಅದುರುವಷ್ಟು ಜೋರಾಗಿತ್ತು.

"ಇದ್ಯಾಕೆ?" ಎಂದೆ.

"ಇದಿಲ್ದೆ ನನಗೆ ಬರಲ್ಲ."

"ಏನು ಬರಲ್ಲ?"

"ಗಾಡಿ."

ತಮಾಷೆ ಅಂದುಕೊಂಡೆ. ತಮಾಷೆಯಲ್ಲ. ಮೊದಮೊದಲು ಅವಳಿಗೆ ಇಂಜಿನ್ ಶಬ್ದ ಕೇಳಿದರೆ ಭಯವಾಗುತ್ತಿತ್ತಂತೆ. ಸ್ಟೀರಿಂಗ್ ಹಿಡಿದು ಉಸಿರು ಬಿಡುವುದನ್ನೇ ಮರೆಯುತ್ತಿದ್ದಳಂತೆ. ಅದಕ್ಕೆ ಅವನು ಹಾಡು ಹಾಕಿದ. ಭಾನುವಾರ ಬೆಳಗ್ಗೆ, ಬೀದಿ ಇನ್ನೂ ಖಾಲಿ ಇರುವಾಗ, ಪ್ರತಿ ಸಲ ಒಂದೇ ದಾರಿ, ಒಂದೇ ಹಾಡು. ಪಲ್ಲವಿ ಮುಗಿಯುವಷ್ಟರಲ್ಲಿ ನಮ್ಮ ಬೀದಿಯ ಕೊನೆ. ಮೊದಲ ಚರಣ ಶುರುವಾದರೆ ಎರಡನೇ ಗೇರು, ಅದರ ನಡುವೆ ದನಿ ಮೇಲೇರಿದರೆ ಮೂರನೇ ಗೇರು. ಔಷಧಿ ಅಂಗಡಿ ದಾಟಿದ ಮೇಲೆ ಕೊಳಲು ಬರುತ್ತದೆ. ಕೊಳಲು ಬಂದಾಗ ಎಡಕ್ಕೆ.

"ಸಿಗ್ನಲ್ ಬಿದ್ರೆ?" ಎಂದು ಕೇಳಿದೆ.

"ಅಣ್ಣ ಹಾಡು ನಿಲ್ಲಿಸ್ತಿದ್ದ. ಹಸಿರು ಬಿದ್ದ ಮೇಲೆ ಅಲ್ಲಿಂದಲೇ ಮುಂದಕ್ಕೆ. ಈಗ ಅದು ನಿಮ್ಮ ಡ್ಯೂಟಿ."

ಹಾಗೆ ನನಗೊಂದು ಕೆಲಸ ಸಿಕ್ಕಿತು. ಗಾಡಿ ನಿಂತರೆ ಹಾಡು ನಿಲ್ಲಿಸುವುದು, ಗಾಡಿ ಹೊರಟರೆ ಹಾಡು ಹೊರಡಿಸುವುದು. ಅವನ ಸೀಟಿನಲ್ಲಿ ಕೂತು ಅವನು ಮಾಡುತ್ತಿದ್ದದ್ದನ್ನೇ ಮಾಡಿದೆ. ಹಾಡು ಕೇಳಿದರೆ ಏನಾದೀತೋ ಎಂದು ಹೆದರಿದ್ದೆ. ಏನೂ ಆಗಲಿಲ್ಲ. ಹಾಡು ಮುಗಿಯಿತು, ಅವಳು ಮತ್ತೆ ಮೊದಲಿನಿಂದ ಹಾಕಿದಳು.

ಮೊದಲ ಟೆಸ್ಟಿನಲ್ಲಿ ಇನ್‌ಸ್ಪೆಕ್ಟರ್ ಕಾರಿನೊಳಗೆ ಕೂರುತ್ತಲೇ ಸ್ಟೀರಿಯೋ ಆಫ್ ಮಾಡಿದರು. ನಾನು ಬೇಲಿಯ ಈಚೆ ನಿಂತಿದ್ದೆ. ಕಿಟಕಿ ಇಳಿಸಿದ್ದರಿಂದ ಅವರ ಮಾತು ಕೇಳುತ್ತಿತ್ತು.

"ಏನಮ್ಮ, ಟೆಸ್ಟಿಗೆ ಬಂದಿದ್ದೀಯೋ ಆರ್ಕೆಸ್ಟ್ರಾಗೋ?"

"ಸರ್, ಸಣ್ಣದಾಗಿ ಇಟ್ಕೋತೀನಿ ಸರ್."

"ಸಣ್ಣದೂ ಇಲ್ಲ, ದೊಡ್ಡದೂ ಇಲ್ಲ. ನಡಿ ಮುಂದೆ."

ನೆಲದ ಮೇಲೆ ಬರೆದ ಎಂಟರ ಆಕಾರವನ್ನು ಹೇಗೋ ಸುತ್ತಿದಳು. ಆಮೇಲೆ ಏರು. ಸಿಮೆಂಟಿನ ಚಿಕ್ಕ ದಿಬ್ಬ. ಅದರ ಅರ್ಧದಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಬೇಕು. ಅವಳು ಕ್ಲಚ್ ಬಿಟ್ಟಳು, ಗಾಡಿ ಆಫ್ ಆಯಿತು. ಮತ್ತೆ ಬಿಟ್ಟಳು, ಮತ್ತೆ ಆಫ್. ಆಮೇಲೆ ಗಾಡಿ ನಿಧಾನವಾಗಿ ಹಿಂದಕ್ಕೆ ಜಾರಿ ಕೆಳಗಿದ್ದ ರಬ್ಬರ್ ಕೋನನ್ನು ಮಲಗಿಸಿತು.

ಇನ್‌ಸ್ಪೆಕ್ಟರ್ ಇಳಿದು ಕೋನನ್ನು ನಿಲ್ಲಿಸಿದರು. "ಇನ್ನೊಂದು ಸಲ ಬಾ. ಅಭ್ಯಾಸ ಮಾಡ್ಕೊಂಡು ಬಾ."

ಮುಂದಿನ ತಾರೀಕು ಸಿಕ್ಕಿದ್ದು ತಿಂಗಳ ಕೊನೆಯ ವಾರದಲ್ಲಿ. ಅದೂ ಹೋದರೆ ಲ್ಯಾಬು ಹೋಯಿತು.

ವಾಪಸು ಬರುವಾಗ ನಾನೇ ಓಡಿಸಿದೆ. ಎಂ.ಎ.ಯಲ್ಲಿ ನಾನು ಓದಿದ್ದು ಮನಃಶಾಸ್ತ್ರ. ಗಮನ ಅನ್ನುವುದರ ಮೇಲೆ ಒಂದು ಪೇಪರ್ ಇತ್ತು. ಬಹಳ ದಿನದ ಮೇಲೆ ಅದು ನೆನಪಾಗಿ ಬಾಯಿ ಬಿಟ್ಟೆ.

"ನೋಡು, ಗಾಡಿ ಓಡಿಸಿ ಪಳಗಿದವರಿಗೆ ಕೈಕಾಲು ತಾನಾಗೇ ನಡೆಯುತ್ತೆ. ಅವರ ತಲೇಲಿ ಜಾಗ ಮಿಗುತ್ತೆ, ಹಾಡು ಕೇಳ್ಬಹುದು. ಹೊಸಬರಿಗೆ ಕ್ಲಚ್ಚಿಗೇ ಅರ್ಧ ತಲೆ ಬೇಕು. ಹಾಡು ಬೇರೆ ಬಂದು ಕೂತ್ರೆ ರಸ್ತೆಗೆ ಜಾಗ ಎಲ್ಲಿ?"

"ಅರ್ಧ ತಲೆ ಕ್ಲಚ್ಚಿಗೆ, ಇನ್ನರ್ಧ ಹಾಡಿಗೆ. ಲೆಕ್ಕ ಸರಿಹೋಯ್ತಲ್ಲ."

"ರಸ್ತೆಗೆ?"

"ರಸ್ತೆ ನೋಡೋಕೆ ಕಣ್ಣಿದೆ, ತಲೆ ಯಾಕೆ?" ಎಂದು ಕಿಟಕಿಯ ಕಡೆ ತಿರುಗಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ, "ನಿಮ್ಮ ಎಂ.ಎ.ಗೆ ಹ್ಯಾಂಡ್‌ಬ್ರೇಕ್ ಇದ್ಯಾ ಅತ್ತಿಗೆ? ಇದ್ರೆ ಸ್ವಲ್ಪ ಎಳೀರಿ," ಎಂದಳು.

ಎಳೆದೆ. ಮಾತು ಅಲ್ಲಿಗೆ ನಿಂತಿತು.

ಬಿಳಿ ಬಣ್ಣದ ಸಂಗತಿ ನಡೆದದ್ದು ಆ ವಾರವೇ.

ಬೆಳಗ್ಗೆ ಬೇಗ ಹೊರಟಿದ್ದೆವು. ಹಾಡು ಎಂದಿನಂತೆ. ಪಲ್ಲವಿ, ಬೀದಿಯ ಕೊನೆ. ಚರಣ, ಎರಡನೇ ಗೇರು, ಮೂರನೇ ಗೇರು. ಔಷಧಿ ಅಂಗಡಿಯ ಬಾಗಿಲು ಇನ್ನೂ ಹಾಕಿತ್ತು. ಅದು ದಾಟಿತು. ಕೊಳಲು ಬಂತು.

ಅವಳು ಎಡಕ್ಕೆ ತಿರುಗಿಸಿದಳು.

ತಿರುವಿನಲ್ಲಿ ಒಬ್ಬ ಮನುಷ್ಯ ಮೊಣಕಾಲೂರಿ ಕೂತು ರಸ್ತೆಯ ಮೇಲೆ ಜನ ದಾಟುವ ಜಾಗಕ್ಕೆ ಬಿಳಿ ದಾಟುಪಟ್ಟೆ ಬರೆಯುತ್ತಿದ್ದ. ಅವನ ಮುಂದೆ ಎರಡು ಕೋನ್ ಇದ್ದವು, ಬಣ್ಣದ ಡಬ್ಬಿ ಇತ್ತು. ಅವನು ಹಾಕಿಕೊಂಡಿದ್ದ ಅಂಗಿ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ್ದು. ನನಗೆ ಅವನು ಕಂಡದ್ದು ಅವನ ಅಂಗೈ ನಮ್ಮ ಬಾನೆಟ್ಟಿನ ಮೇಲೆ ಬಡಿದಾಗ.

ಜೀರುಂಡೆ ಬ್ರೇಕ್ ಒತ್ತಿದಳು. ಗಾಡಿ ಆಫ್ ಆಯಿತು. ಡಬ್ಬಿ ನಮ್ಮ ಮುಂದಿನ ಚಕ್ರದ ಕೆಳಗಿತ್ತು. ಹಾಡು ಮಾತ್ರ ನಿಲ್ಲದೆ ನಡೆಯುತ್ತಿತ್ತು.

ಬಣ್ಣ ಬಳಿಯುವವ ಎದ್ದು ನಿಂತು ತನ್ನ ಕಾಲುಗಳನ್ನು ಒಂದು ಸಲ ನೋಡಿಕೊಂಡ, ಎರಡೂ ಇವೆಯೇ ಎಂಬಂತೆ. ಆಮೇಲೆ ಕಿಟಕಿಯ ಹತ್ತಿರ ಬಂದ.

"ಅಮ್ಮಾ ತಾಯಿ, ಕಣ್ಣು ಮನೇಲಿಟ್ಟು ಬಂದಿದ್ದೀರಾ?"

ಅವನು ಬಾಗಿ ಎಲ್ ಬೋರ್ಡ್ ನೋಡಿದ. ದನಿ ಸ್ವಲ್ಪ ತಗ್ಗಿತು.

"ಓ, ಕಲಿಯೋ ಮಗು." ಆಮೇಲೆ ನನ್ನ ಕಡೆ ತಿರುಗಿದ. "ಅವಳೇನೋ ಕಲಿಯೋಳು. ಪಕ್ಕದಲ್ಲಿ ಕೂತೋರು ನೀವೇನು ಮಾಡ್ತಿದ್ರಿ?"

ನಾನೂ ಕೊಳಲಿಗೆ ಕಾಯುತ್ತಿದ್ದೆ. ಕೊಳಲು ಬಂದಾಗ ನನ್ನ ಗಂಡ ಬೆರಳಿನಿಂದ ಡ್ಯಾಶ್‌ಬೋರ್ಡಿನ ಮೇಲೆ ಎರಡು ಸಲ ತಟ್ಟುತ್ತಿದ್ದನಂತೆ, ಜೀರುಂಡೆ ಹೇಳಿದ್ದಳು. ಆ ಜಾಗವನ್ನೇ ನೋಡುತ್ತಿದ್ದೆ. ಇದನ್ನು ರಸ್ತೆಯಲ್ಲಿ ನಿಂತ ಮನುಷ್ಯನಿಗೆ ಹೇಗೆ ಹೇಳುವುದು?

"ತಪ್ಪಾಯ್ತು," ಎಂದೆ. "ನಿಮಗೆಲ್ಲಾದ್ರೂ ಪೆಟ್ಟಾಯ್ತಾ?"

"ಪೆಟ್ಟಿಲ್ಲ. ಡಬ್ಬಿ ಹೋಯ್ತು, ಇನ್ನೊಂದಿದೆ. ಮೊದಲು ಆ ಹಾಡು ನಿಲ್ಲಿಸಿ. ಒಳ್ಳೆ ಹಾಡೇ, ಬೇಡ ಅನ್ನಲ್ಲ. ಆದ್ರೆ ಅದನ್ನ ಕೇಳ್ತಾ ಸಾಯೋಕೆ ನನಗೆ ಇಷ್ಟ ಇಲ್ಲ."

ನಿಲ್ಲಿಸಿದೆ. ಡಬ್ಬಿ ಎಳೆದು ತೆಗೆಯಲು ಅವನಿಗೆ ನೆರವಾದೆ. ಅವನು ತನ್ನ ಅರ್ಧ ಬರೆದ ಪಟ್ಟೆಯನ್ನು ನೋಡಿ ನಿಟ್ಟುಸಿರು ಬಿಟ್ಟ. ಅದರ ಮೇಲೆ ನಮ್ಮ ಚಕ್ರ ಒಂದು ಹೊಸ ಗೆರೆ ಎಳೆದಿತ್ತು.

ಮನೆಗೆ ನಾನೇ ಓಡಿಸಿಕೊಂಡು ಬಂದೆ. ಗೇಟಿನ ಬಳಿ ಇಳಿದು ತಿರುಗಿ ನೋಡಿದರೆ ನಮ್ಮ ಹಿಂದೆ ರಸ್ತೆಯುದ್ದಕ್ಕೂ ಬಿಳಿ ಗುರುತು. ದೂರದಲ್ಲಿ ದಪ್ಪ, ಹತ್ತಿರ ಬರುತ್ತಾ ತೆಳು. ಯಾರು ಬೇಕಾದರೂ ನಮ್ಮ ಮನೆ ಹುಡುಕಿಕೊಂಡು ಬರಬಹುದಿತ್ತು.

ಜೀರುಂಡೆ ಕೀಲಿಯನ್ನು ಮೊಳೆಗೆ ನೇತುಹಾಕಿದಳು. "ಲ್ಯಾಬಿಗೆ ಫೋನ್ ಮಾಡಿ ಬೇಡ ಅಂತ ಹೇಳ್ಬಿಡ್ತೀನಿ."

"ನಾಳೆ ಹೇಳು," ಎಂದೆ.

"ನಾಳೆ ಹೇಳಿದ್ರೂ ಅದೇ ಅತ್ತಿಗೆ. ಹಾಡು ಇದ್ರೆ ಜನ ಕಾಣಲ್ಲ. ಹಾಡಿಲ್ದಿದ್ರೆ ಗಾಡಿ ಹೊರಡಲ್ಲ. ನಾನೇನು ಮಾಡ್ಲಿ ಹೇಳಿ?"

ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಜೆ ಅತ್ತೆ ಕಾರಿನ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಸೀಮೆಎಣ್ಣೆ ಬಟ್ಟೆಯಿಂದ ಚಕ್ರ ಉಜ್ಜುತ್ತಿದ್ದರು. ಬೇಡ ಅಂದರೂ ಕೇಳಲಿಲ್ಲ. ಮಗನ ಗಾಡಿ. ನಾನು ಕಾಫಿ ತಂದು ಅವರ ಪಕ್ಕದ ಮೆಟ್ಟಿಲ ಮೇಲೆ ಕೂತೆ.

"ಇನ್ನು ಗಾಡಿ ಮುಟ್ಟಲ್ವಂತೆ," ಎಂದೆ.

"ಕೇಳಿಸ್ತು. ಬಾಗಿಲು ಹಾಕ್ಕೊಂಡು ಅಳೋದೂ ಕೇಳಿಸ್ತು." ಅತ್ತೆ ಬಟ್ಟೆ ಹಿಂಡಿದರು. "ನನ್ನ ಕಿವಿಗೆ ಈಗ ಎಲ್ಲಾ ಕೇಳುತ್ತೆ ಕಣೇ. ಅವನಿದ್ದಾಗಲೇ ಕೇಳ್ತಿರ್ಲಿಲ್ಲ."

"ಏನು ಕೇಳ್ತಿರ್ಲಿಲ್ಲ?"

"ಆ ಹಾಡು. ಭಾನುವಾರ ನಾನೂ ಗಾಳಿಗೆ ಅಂತ ಹಿಂದೆ ಕೂತ್ಕೋತಿದ್ನಲ್ಲ. ಮೊದಮೊದಲು ಚೆನ್ನಾಗಿ ಕೇಳ್ತಿತ್ತು. ಬರ್ತಾ ಬರ್ತಾ ದೂರ ಹೋದ ಹಾಗಾಯ್ತು. ಕೊನೇಲಿ ಅವನ ಬೆರಳು ತಾಳ ಹಾಕೋದು ಕಾಣ್ತಿತ್ತು, ಹಾಡೇ ಇಲ್ಲ. ಕಿವಿ ಮಂದ ಆಯ್ತು ಅಂತ ನನಗೆ ಒಳಗೊಳಗೇ ಭಯ. ಯಾರಿಗೂ ಹೇಳದೆ ಕಿವಿ ಡಾಕ್ಟ್ರ ಹತ್ರ ಹೋಗಿ ಬಂದೆ."

"ನಮಗೆ ಹೇಳ್ಲೇ ಇಲ್ಲ!"

"ಹೇಳಿದ್ರೆ ಅವನು ಗೇಲಿ ಮಾಡ್ತಿದ್ದ, ಅಮ್ಮಂಗೆ ಬೈದ್ರೂ ಕೇಳಲ್ಲ ಇನ್ಮೇಲೆ ಅಂತ. ಡಾಕ್ಟ್ರು ಕಿವಿ ಚೆನ್ನಾಗಿದೆ ಅಂದ್ರು. ಇವರಿಗೇನೂ ಗೊತ್ತಿಲ್ಲ ಅಂದ್ಕೊಂಡು ಬಂದ್ಬಿಟ್ಟೆ. ಈಗ ನೋಡು, ಅವಳು ಗೇಟಿನ ಹತ್ರ ಹಾಡು ಹಾಕಿದ್ರೆ ಅಡುಗೆಮನೆಗೆ ಕೇಳುತ್ತೆ. ಮಗ ಹೋದ, ಕಿವಿ ಬಂತು. ಯಾವ ಲೆಕ್ಕವೋ ಇದು."

ನನ್ನ ಕೈಯಲ್ಲಿ ಕಾಫಿ ಲೋಟ ಇತ್ತು. ಸಕ್ಕರೆ ಇಲ್ಲದ ಕಾಫಿ.

ಮದುವೆಯಾದ ಹೊಸತರಲ್ಲಿ ನನಗೆ ಎರಡು ದೊಡ್ಡ ಚಮಚ ಸಕ್ಕರೆ ಬೇಕಿತ್ತು. ಬೆಳಗಿನ ಕಾಫಿ ಮಾಡುತ್ತಿದ್ದವನು ಅವನು. ಒಂದು ದಿನ ಸ್ನೇಹಿತೆಯ ಮನೆಯಲ್ಲಿ ಕಾಫಿ ಕುಡಿದರೆ ಪಾಯಸದ ಹಾಗಿತ್ತು, ಬಾಯಲ್ಲಿಡಲಾಗಲಿಲ್ಲ. ಮನೆಗೆ ಬಂದು ಕೇಳಿದರೆ ನಗುತ್ತಾ ನಿಂತ. ತಿಂಗಳುಗಟ್ಟಲೆ ದಿನಾ ಚೂರುಚೂರೇ ಕಡಿಮೆ ಮಾಡುತ್ತಾ ಬಂದು, ಕೊನೆಗೆ ಖಾಲಿ ಚಮಚವನ್ನು ಲೋಟದಲ್ಲಿ ಆಡಿಸಿ ಕೊಡುತ್ತಿದ್ದನಂತೆ. ನನಗೆ ಸಿಟ್ಟು ಬಂದಿತ್ತು. ಹೇಳಿದ್ದರೆ ನೀನು ಬಿಡುತ್ತಿರಲಿಲ್ಲ ಎಂದಿದ್ದ.

"ಅತ್ತೆ," ಎಂದೆ, "ನಿಮ್ಮ ಕಿವಿ ಯಾವತ್ತೂ ಹೋಗಿರ್ಲಿಲ್ಲ. ಅವರು ಹಾಡು ಸಣ್ಣ ಮಾಡ್ತಾ ಬಂದಿದ್ರು. ಪ್ರತಿ ಭಾನುವಾರ ಸ್ವಲ್ಪ ಸ್ವಲ್ಪ. ನಂಗೆ ಸಕ್ಕರೆ ಬಿಡಿಸಿದ ಹಾಗೆ."

ಅತ್ತೆ ಉಜ್ಜುವುದನ್ನು ನಿಲ್ಲಿಸಿದರು. ಬಟ್ಟೆ ಕೈಯಲ್ಲೇ ಉಳಿಯಿತು. "ಕಳ್ಳ," ಎಂದರು. "ಹೆತ್ತ ತಾಯಿಯನ್ನ ಕಿವುಡಿ ಮಾಡ್ಬಿಟ್ಟಿದ್ನಲ್ಲೇ." ನಗುತ್ತಿದ್ದರೋ ಏನೋ, ಮುಖ ಚಕ್ರದ ಕಡೆಗಿತ್ತು.

ಜೀರುಂಡೆಯ ಬಾಗಿಲು ತಟ್ಟಿದೆ. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೇಳಿದೆ. ಎದ್ದು ಕೂತಳು.

"ಸುಳ್ಳು. ಕೊನೇ ಭಾನುವಾರವೂ ಹಾಡು ಇತ್ತು."

"ನಿನಗೆ ಕೇಳಿಸ್ತಾ?"

"ಕೇಳಿಸ್ತು... ಇತ್ತು ಅತ್ತಿಗೆ. ಅಣ್ಣ ತಟ್ಟಿದ್ನಲ್ಲ, ಡಬ್ ಡಬ್ ಅಂತ. ಎಡಕ್ಕೆ ತಿರುಗಿಸ್ದೆ." ಅವಳ ದನಿ ನಿಧಾನವಾಯಿತು. "ಅವತ್ತು ತಿರುವಿನಲ್ಲಿ ಒಬ್ರು ಸೈಕಲ್‌ನಲ್ಲಿ ಅಡ್ಡ ಬಂದಿದ್ರು. ನಾನೇ ನೋಡಿ ನಿಲ್ಲಿಸಿದ್ದೆ. ಅಣ್ಣ ಭೇಷ್ ಅಂದಿದ್ದ."

"ಹಾಡು ಜೋರಾಗಿ ಇಟ್ಟಿದ್ದು ಯಾವಾಗ?"

"ಅವನು ಹೋದ ಮೇಲೆ. ನಾನೇ. ಏನೂ ಕೇಳಿಸ್ತಿಲ್ಲ ಅನ್ನಿಸ್ತಿತ್ತು."

ಅವಳಿಗೂ ಸಿಟ್ಟು ಬಂತು. ನನಗೆ ಬಂದ ಹಾಗೆಯೇ. ಅಣ್ಣ ಮೋಸ ಮಾಡಿದ, ಹೇಳಬಹುದಿತ್ತು, ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು ಎಂದು ದಿಂಬಿಗೆ ಗುದ್ದಿದಳು. ನಾನು ಪಕ್ಕದಲ್ಲಿ ಕೂತೆ. ಬೆನ್ನ ಮೇಲೆ ಕೈಯಿಡಬೇಕು ಅನ್ನುವುದು ತಡವಾಗಿ ಹೊಳೆಯಿತು. ಇಟ್ಟೆ.

"ಪಾಠ ಅರ್ಧಕ್ಕೆ ನಿಂತಿದೆ," ಎಂದೆ. "ಅವರು ಎಲ್ಲಿಗೆ ನಿಲ್ಲಿಸಿದ್ರೋ ಅಲ್ಲಿಂದ ಶುರು ಮಾಡೋಣ."

"ಎಲ್ಲಿಗೆ ನಿಲ್ಲಿಸಿದ್ದ ಅಂತ ಯಾರಿಗೆ ಗೊತ್ತು?"

ಅದು ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ.

ಮರುದಿನ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಅವನು ಹೋದ ಮೇಲೆ ಅವರು ಕಾರು ಹತ್ತಿರಲಿಲ್ಲ. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ದೂರದ ಊರಿಗೆ ಹೊರಟವರಂತೆ ನೆಟ್ಟಗೆ ಕೂತರು. ಬೀದಿಯಲ್ಲೇ ಇಂಜಿನ್ ಹಾಕಿ, ಹಾಡು ಹಾಕಿ, ನಾನು ವಾಲ್ಯೂಮ್ ಗುಂಡಿಯನ್ನು ಒಂದೊಂದೇ ಗೀಟು ಇಳಿಸುತ್ತಾ ಬಂದೆ.

"ಕೇಳಿಸ್ತಿದ್ಯಾ ಅತ್ತೆ?"

"ಚೆನ್ನಾಗಿ."

"ಈಗ?"

"ಈಗಲೂ."

"ಈಗ?"

"ಸ್ವಲ್ಪ ದೂರ ಹೋಯ್ತು. ಇನ್ನೂ ಕೆಳಗೆ... ಇನ್ನೂ... ಹಾಂ, ನಿಲ್ಲಿಸು! ಇಲ್ಲೇ. ಇಲ್ಲೇ ನನಗೆ ಕಿವುಡು ಬಂದಿದ್ದು."

ಜೀರುಂಡೆ ನಕ್ಕಳು. ಮೂಗು ಸೋರುವ ಹಾಗೆ ನಕ್ಕಳು. ಸ್ಟೀರಿಯೋದ ಪರದೆಯ ಮೇಲೆ ಎರಡೇ ಗೀಟು ಉಳಿದಿದ್ದವು. ಮುಂದೆ ಕೂತ ನಮಗೂ ಹಾಡು ಪಕ್ಕದ ಮನೆಯಲ್ಲಿ ಹಾಕಿದಂತೆ ಕೇಳುತ್ತಿತ್ತು.

"ಇಷ್ಟರಲ್ಲಿ ನಾನು ಓಡಿಸ್ತಿದ್ನಾ?"

"ಓಡಿಸ್ತಿದ್ದೆ."

ಅವಳು ಕ್ಲಚ್ ಒತ್ತಿದಳು. ಎರಡು ಸಲ ಆಫ್ ಆಯಿತು. ಮೂರನೇ ಸಲಕ್ಕೆ ಹೊರಟಿತು.

ಎರಡು ಗೀಟಿನಲ್ಲಿ ಸ್ವಲ್ಪ ದಿನ, ಒಂದು ಗೀಟಿನಲ್ಲಿ ಸ್ವಲ್ಪ ದಿನ. ನಾನು ಅವನಂತಲ್ಲ, ಇಳಿಸುವ ಮೊದಲು ಹೇಳಿಯೇ ಇಳಿಸುತ್ತಿದ್ದೆ. ಕಂಡದ್ದನ್ನೆಲ್ಲ ಜೋರಾಗಿ ಹೇಳುತ್ತಾ ಹೋಗು ಎಂದೆ, ಅದನ್ನಾದರೂ ಎಂ.ಎ. ಕಲಿಸಿತ್ತು. ಅವಳು ಹೇಳತೊಡಗಿದಳು. "ಮುಂದೆ ಬಸ್ಸು. ಎಡಗಡೆ ನಾಯಿ, ಮಲಗಿದೆ. ಬಲಗಡೆ ಅಂಕಲ್ಲು, ಫೋನಲ್ಲಿದ್ದಾರೆ, ನೋಡ್ತಿಲ್ಲ, ದಾಟೇ ದಾಟ್ತಾರೆ, ನೋಡಿ ದಾಟಿದ್ರು. ಅಂಗಡಿ ಮುಂದೆ ಹಾಲಿನ ಕ್ರೇಟು." ಹಿಂದಿನಿಂದ ಅತ್ತೆ ಬಿಟ್ಟುಹೋದದ್ದನ್ನು ಸೇರಿಸುತ್ತಿದ್ದರು. "ಆ ಮನೆಯವರು ಗೇಟಿಗೆ ಹಸಿರು ಬಣ್ಣ ಹೊಡೆಸಿದ್ದಾರೆ." "ಅಮ್ಮಾ, ಗೇಟು ಅಡ್ಡ ಬರಲ್ಲ!" "ನೋಡಿದ್ದು ಹೇಳಿದೆ, ತಪ್ಪಾ?"

ಗೇಟಿಗೆ ನಿಜವಾಗಿಯೂ ಹಸಿರು ಬಣ್ಣ ಬಂದಿತ್ತು. ಇಷ್ಟು ದಿನ ಅದೇ ದಾರಿಯಲ್ಲಿ ಓಡಾಡಿಯೂ ನಾನು ಕಂಡಿರಲಿಲ್ಲ. ತಿರುವಿನ ದಾಟುಪಟ್ಟೆ ಪೂರ್ತಿಯಾಗಿತ್ತು. ಅದರಲ್ಲಿ ಒಂದು ಪಟ್ಟೆ ಉಳಿದವಕ್ಕಿಂತ ಸ್ವಲ್ಪ ದಪ್ಪ.

ಕೊನೆಗೆ ಗೀಟು ಪೂರ್ತಿ ಹೋಯಿತು. ಸಮತಟ್ಟಾದ ರಸ್ತೆಯಲ್ಲಿ ತೊಂದರೆಯಿರಲಿಲ್ಲ. ಏರು ಮಾತ್ರ ಬಗ್ಗಲಿಲ್ಲ. ನೀರಿನ ಟ್ಯಾಂಕಿನ ಬಳಿಯ ಏರು ರಸ್ತೆಯಲ್ಲಿ ಅವಳು ಮತ್ತೆ ಮತ್ತೆ ಹಿಂದಕ್ಕೆ ಜಾರಿದಳು. ಅತ್ತೆ ಕೈಚೀಲ ಅಪ್ಪಿಕೊಂಡು ಕಣ್ಣು ಮುಚ್ಚಿದ್ದರು.

"ನನಗೆ ಕ್ಲಚ್ ಎಲ್ಲಿ ಹಿಡಿಯುತ್ತೆ ಅಂತ ಗೊತ್ತೇ ಆಗಲ್ಲ ಅತ್ತಿಗೆ. ಹಾಡು ಇದ್ದಾಗ ದನಿ ಏರಿದ ಕಡೆ ಬಿಡ್ತಿದ್ದೆ."

"ರಕ್ತ ತೆಗೆಯುವಾಗ ಹಾಡು ಹಾಕ್ಕೋತೀಯಾ?"

"ಛೇ. ಆಗ ಕೇಳಿಸ್ಕೋಬೇಕಲ್ಲ."

"ಏನನ್ನ?"

"ಪೇಷೆಂಟ್ ಉಸಿರು. ಕೆಲವರು ಸೂಜಿ ನೋಡಿದ್ರೆ ತಲೆ ಸುತ್ತಿ ಬೀಳ್ತಾರೆ. ಬೀಳೋಕೆ ಮುಂಚೆ ಉಸಿರು ಬದಲಾಗುತ್ತೆ. ಮುಖ ನೋಡಿದ್ರೆ ತಡ ಆಗುತ್ತೆ, ಕಿವಿಗೆ ಮೊದ್ಲು ಗೊತ್ತಾಗೋದು." ಹೇಳುತ್ತಾ ಹೇಳುತ್ತಾ ನನ್ನನ್ನೇ ನೋಡಿದಳು. ಆಮೇಲೆ ಮುಂದೆ ತಿರುಗಿದಳು.

ಹ್ಯಾಂಡ್‌ಬ್ರೇಕ್ ಎಳೆದೇ ಇತ್ತು. ಅವಳು ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟಳು. ಇನ್ನೊಂದಿಷ್ಟು. ಇಂಜಿನ್ನಿನ ದನಿ ಒಂದು ಕಡೆ ಕೆಳಗಿಳಿಯಿತು, ಭಾರ ಎತ್ತಿಕೊಂಡವರ ಉಸಿರಿನ ಹಾಗೆ. ನನಗೂ ಕೇಳಿತು. ಗಾಡಿಯ ಮೂತಿ ಚೂರು ಮೇಲೆದ್ದಿತು.

"ಹಿಡೀತು," ಎಂದು ಪಿಸುಗುಟ್ಟಿದಳು. ಬ್ರೇಕ್ ಇಳಿಸಿದಳು. ಗಾಡಿ ಹಿಂದಕ್ಕೆ ಜಾರಲಿಲ್ಲ. ಮೇಲಕ್ಕೆ ಹೋಯಿತು.

"ಇದು ಮೊದಲಿಂದಲೂ ಹೀಗೇ ಹೇಳ್ತಿತ್ತಾ?" ಎಂದಳು.

"ಹೇಳ್ತಿತ್ತು. ನೀನು ಹಾಡು ಕೇಳ್ತಿದ್ದೆ."

ಅತ್ತೆ ಕಣ್ಣು ಬಿಟ್ಟರು. "ಬಂದ್ವಾ ಮೇಲೆ?"

ಎರಡನೆಯ ಟೆಸ್ಟಿಗೆ ಅದೇ ಇನ್‌ಸ್ಪೆಕ್ಟರ್. ಕಾರಿನೊಳಗೆ ಕೂರುತ್ತಲೇ ಅವರ ಕೈ ಸ್ಟೀರಿಯೋದ ಕಡೆ ಹೋಗಿ, ಅದು ಆಫ್ ಇದ್ದದ್ದು ಕಂಡು ಹಿಂದೆ ಬಂತು. ನಾನೂ ಅತ್ತೆಯೂ ಬೇಲಿಯ ಈಚೆ ನಿಂತೆವು. ಎಂಟರ ಆಕಾರವನ್ನು ಸುತ್ತಿದಳು. ರಿವರ್ಸ್ ತೆಗೆದು ನಿಲ್ಲಿಸಿದಳು. ಅವಳ ತುಟಿ ಆಡುತ್ತಿತ್ತು. ಹಾಡುತ್ತಿದ್ದಾಳೇನೋ ಎಂದು ಬೇಲಿಯ ಮೇಲೆ ಬಾಗಿ ನೋಡಿದೆ.

ದಿಬ್ಬದ ಅರ್ಧದಲ್ಲಿ ಗಾಡಿ ನಿಂತಿತು. ಅತ್ತೆ ನನ್ನ ಕೈ ಹಿಡಿದುಕೊಂಡರು. ಅವರ ಬೆರಳು ಅಷ್ಟು ಬಿಗಿಯಾಗಿತ್ತು ಅಂತ ತಿಳಿದದ್ದು ಆಮೇಲೆ, ಕೆಂಪು ಗುರುತು ನೋಡಿದಾಗ. ಜೀರುಂಡೆ ತಲೆಯನ್ನು ಸ್ವಲ್ಪ ಓರೆ ಮಾಡಿದಳು, ಬಾಗಿಲ ಹಿಂದೆ ಯಾರೋ ಮಾತಾಡುವುದನ್ನು ಆಲಿಸುವವರ ಹಾಗೆ. ಗಾಡಿಯ ಮೂತಿ ಚೂರು ಮೇಲೆದ್ದಿತು. ಹಿಂದಿನ ಕೋನ್ ನಿಂತಲ್ಲೇ ನಿಂತಿತ್ತು.

ಇಳಿದ ಮೇಲೆ ಇನ್‌ಸ್ಪೆಕ್ಟರ್ ನಮ್ಮ ಕಡೆ ಬಂದರು. "ಪಾಸು. ಆದ್ರೆ ಈ ಹುಡುಗಿ ಬಾಯಿ ಒಂದು ಕ್ಷಣ ಮುಚ್ಚಲ್ವಲ್ಲ. ಅಲ್ಲಿ ಕೋನಿದೆ, ಇಲ್ಲಿ ಬೇಲಿಯಿದೆ, ಬೇಲಿಯಾಚೆ ನಮ್ಮಮ್ಮ ಇದ್ದಾರೆ ಅಂತ ನನಗೇ ವರದಿ."

"ಚಿಕ್ಕಂದಿನಿಂದಲೂ ಹಾಗೇ ಸ್ವಾಮಿ," ಎಂದರು ಅತ್ತೆ. "ಅದಕ್ಕೇ ಅವಳಣ್ಣ ಜೀರುಂಡೆ ಅಂತ ಹೆಸರಿಟ್ಟಿದ್ದು."

ಜೀರುಂಡೆ ಅಲ್ಲೇ ನಿಂತು ಲ್ಯಾಬಿಗೆ ಫೋನ್ ಮಾಡಿದಳು. ಮೇಡಂ ಏನಂದರೋ, "ಸೋಮವಾರದಿಂದಾನೇ ಬರ್ತೀನಿ ಮೇಡಂ," ಅಂದದ್ದಷ್ಟೇ ನಮಗೆ ಕೇಳಿತು.

ಮನೆಗೆ ಅವಳೇ ಓಡಿಸಿದಳು. ಯಾರೂ ಹಾಡು ಹಾಕಲಿಲ್ಲ. ಇಂಡಿಕೇಟರ್ ಟಿಕ್ ಟಿಕ್ ಅನ್ನುವುದು ಕೇಳುತ್ತಿತ್ತು. ಹಿಂದಿನ ಬಾಗಿಲಿನಲ್ಲಿ ಏನೋ ಕಟಕಟ ಅನ್ನುತ್ತಿತ್ತು. ಅದು ಬಹಳ ಹಿಂದಿನಿಂದ ಇದ್ದಿರಬೇಕು. ಔಷಧಿ ಅಂಗಡಿ ದಾಟಿದ ಮೇಲೆ ಅವಳು ಕನ್ನಡಿ ನೋಡಿದಳು, ದಾಟುಪಟ್ಟೆಯ ಬಳಿ ನಿಲ್ಲಿಸಿ ಇಬ್ಬರನ್ನು ದಾಟಲು ಬಿಟ್ಟಳು, ಆಮೇಲೆ ತಿರುಗಿಸಿದಳು.

ಮನೆ ಮುಂದೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆಫ್ ಮಾಡಿದಳು. ಯಾರೂ ಇಳಿಯಲಿಲ್ಲ.

"ಈಗ ಹಾಕು," ಎಂದೆ.

"ಏನು?"

"ಹಾಡು. ಈಗ ಹಾಕ್ಬಹುದು."

ಅವಳು ಕೀಲಿ ಅರ್ಧ ತಿರುಗಿಸಿದಳು. ನಾನು ಗುಂಡಿಯನ್ನು ಎಷ್ಟು ತಿರುಗುತ್ತದೋ ಅಷ್ಟೂ ತಿರುಗಿಸಿದೆ. ಗಾಜು ಅದುರತೊಡಗಿತು. ಹಿಂದಿನಿಂದ ಅತ್ತೆ, "ಕೇಳ್ತಿದೆ, ಕೇಳ್ತಿದೆ," ಎಂದರು, ಯಾರೂ ಕೇಳದಿದ್ದರೂ.

ಪಲ್ಲವಿ ಮುಗಿಯಿತು. ಚರಣದಲ್ಲಿ ದನಿ ಮೇಲೇರಿತು. ನನ್ನ ಬೆರಳು ಡ್ಯಾಶ್‌ಬೋರ್ಡಿನ ಮೇಲಿತ್ತು. ಯಾವಾಗ ಇಟ್ಟೆನೋ ಗೊತ್ತಿಲ್ಲ. ಎದುರಿನ ಗಾಜು ಮಸುಕಾಗುತ್ತಾ ಬಂತು. ಒರೆಸಲು ಕೈಯೆತ್ತಿದೆ, ಮಸುಕಾಗಿದ್ದದ್ದು ಗಾಜಲ್ಲ.

ಕೊಳಲು ಬಂತು. ಎರಡು ಸಲ ತಟ್ಟಿದೆ. ಯಾರೂ ಎಡಕ್ಕೆ ತಿರುಗಲಿಲ್ಲ.